ಬಿಸಿಲಿನ ಅಳತಿ, ನೆರಳಿನ ಲೆಕ್ಕ

ದೇವರು ಪುಕ್ಕಟೆ ಕೊಟ್ಟಿದ್ದನ್ನು ಮನುಷ್ಯ ಅಳೆಯಬಹುದೋ, ಅಳೆಯಬಾರದೋ? ನಮ್ಮ ವಾಚನಾಲಯದ ಕಟ್ಟಿ ಮ್ಯಾಲೆ ಈ ಮಾತು ಎರಡು ಸಂಜಿ ನಡೀತು. ಕಾರಣ ಏನಂದರೆ, ನಮ್ಮೂರ ಕನ್ನಡ ಶಾಲೆಯ ಎಂಟನೇ ಇಯತ್ತೆಯ ಮಕ್ಕಳು ಬಿಸಿಲು ಅಳೆದಿದ್ದರು. ಅದನ್ನು ಕೇಳಿ ಹಿರಿಯರೊಬ್ಬರು, “ಬಿಸಲ ಅಳ್ಯಾಕ ಅದೇನ ಜ್ವಾಳೇನೋ?” ಅಂದರು. ಇನ್ನೊಬ್ಬರು, “ಹೊತ್ತ ತನ್ನ ಪಾಡಿಗೆ ತಾ ಹುಟ್ಟತೈತಿ, ತಾ ಮುಳಗತೈತಿ. ನಡುವ ಅದರ ಕಿಸೆದಾಗ ನಾವು ಯಾಕ ಕೈ ಹಾಕಬೇಕು?” ಅಂದರು. ಎಲ್ಲರೂ ನಕ್ಕರು. ಆದರೆ ಆ ಮಾತು ನಗುವಂಥದ್ದಲ್ಲ ಅಂತ ನನಗನಿಸಿತು. ಈ ಪುಸ್ತಕಕ್ಕ ಒಂದು ಲೇಖನ ಕೊಡ್ರಿ ಅಂತ ವಾಚನಾಲಯದವರು ಕೇಳಿದಾಗ ಇದನ್ನೇ ಹಿಡಿದುಕೊಂಡೆ.

ನಾನು ಏಳನೇ ಇಯತ್ತೆ ಕಲಿತವ. ಈ ಜತ್ತ ತಾಲೂಕಿನ ಬರದ ಮಣ್ಣಿನಾಗ ಜೋಳ, ತೊಗರಿ ಬೆಳೀತೇನಿ. ಜಾತ್ರಿ, ಉತ್ಸವದಾಗ ಗೀಗೀ ಪದ ಹಾಡತೇನಿ. ನಮ್ಮ ಹಾಡಿಕಿಯೊಳಗ ಹರದೇಶಿ, ನಾಗೇಶಿ ಅಂತ ಎರಡು ಪಕ್ಷ ಇರುತ್ತವೆ. ಒಬ್ಬರು ಶಿವ ಹೆಚ್ಚು ಅಂದರೆ ಇನ್ನೊಬ್ಬರು ಶಕ್ತಿ ಹೆಚ್ಚು ಅಂತಾರೆ. ಸವಾಲಿಗೆ ಜವಾಬು ಕೊಡಬೇಕಾದರೆ ಎದುರಿನವರು ಏನು ಹಾಡಿದರು ಅನ್ನೋದನ್ನ ಪೂರ್ತಿ ಕೇಳಿಸಿಕೊಂಡಿರಬೇಕು. ಅರ್ಧ ಕೇಳಿ ಜವಾಬು ಕೊಟ್ಟವನಿಗೆ ಮಂದಿ ಸೀಟಿ ಹೊಡೀತಾರೆ. ಅದಕ್ಕೇ ಮೊದಲು ಮಕ್ಕಳು ಮಾಡಿದ್ದೇನು ಅನ್ನೋದನ್ನ ಹೇಳತೇನಿ.

ಒಂದು ಚಪ್ಪಟೆ ತಗಡಿನ ಡಬ್ಬಿ. ಉದ್ದ 10 ಸೆಂಟಿಮೀಟರ್, ಅಗಲ 10 ಸೆಂಟಿಮೀಟರ್. ಒಳಗ 200 ಮಿಲಿಲೀಟರ್ ನೀರು, ತೂಕ ಮಾಡಿದರೆ 200 ಗ್ರಾಂ. ಮ್ಯಾಲಿನ ಮುಖಕ್ಕ ಹಂಚಿನ ಮಸಿ ಬಳಿದಿದ್ದರು. ಕಪ್ಪು ಬಣ್ಣ ಬಿಸಿಲನ್ನು ಹೀರಿಕೊಳ್ಳುತ್ತದೆ, ಬಿಳಿದು ತಿರುಗಿಸಿ ಕಳಿಸುತ್ತದೆ. ಬದಿಗೆ, ತಳಕ್ಕ ಹತ್ತಿ ಮೆತ್ತಿದ್ದರು. ಒಂದು ತೂತಿನೊಳಗ ಬೂಚು ಬಡಿದು ಉಷ್ಣಮಾಪಕ ಇಳಿಬಿಟ್ಟಿದ್ದರು. ಡಬ್ಬಿಯ ಮುಖ ಸೂರ್ಯನಿಗೆ ನೆಟ್ಟಗ ಇರಬೇಕಲ್ಲ? ಅದಕ್ಕ ಮುಖದ ಮ್ಯಾಲೆ ಒಂದು ಕಡ್ಡಿ ನೆಟ್ಟಗ ನಿಲ್ಲಿಸಿ, ಕಡ್ಡಿಯ ನೆರಳು ಪೂರಾ ಹೋಗೋತನಕ ಡಬ್ಬಿ ಓರೆ ಮಾಡಿದರು. ನೆರಳು ಬೀಳದಿದ್ದರೆ ಎದುರಾಎದುರು ಅಂತ ಅರ್ಥ. ಜನವರಿ ತಿಂಗಳು, ಮಟಮಟ ಮಧ್ಯಾಹ್ನ, ಮೋಡ ಇಲ್ಲ. ಶುರುವಿಗೆ ನೀರು 28 ಡಿಗ್ರಿ ಇತ್ತು. ಹತ್ತು ನಿಮಿಷಕ್ಕ 32 ಆಯಿತು.

ಇನ್ನು ಲೆಕ್ಕ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲಿಕ್ಕೆ ಸುಮಾರು 4.2 ಜೂಲ್ ಶಾಖ ಬೇಕು. ಜೂಲ್ ಅಂದರೆ ಶಾಖದ ಸೇರು, ಪಾವು ಇದ್ದಂಗ ಅಂತ ತಿಳೀರಿ. 200 ಗ್ರಾಂ ನೀರು 4 ಡಿಗ್ರಿ ಏರಿತು ಅಂದರೆ 3360 ಜೂಲ್. ಹತ್ತು ನಿಮಿಷಕ್ಕ 600 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ 5.6 ಜೂಲ್. ಸೆಕೆಂಡಿಗೆ ಒಂದು ಜೂಲ್ ಅಂದರೆ ಒಂದು ವ್ಯಾಟ್. ಅಂಥಾ ನೂರು ಡಬ್ಬಿ ಒತ್ತಟ್ಟಿಗೆ ಇಟ್ಟರೆ ಒಂದು ಚೌರಸ ಮೀಟರ್ ಆಗುತ್ತದೆ. ಹಂಗಾಗಿ ಚೌರಸ ಮೀಟರಿಗೆ 560 ವ್ಯಾಟ್.

ಇಲ್ಲಿಗೇ ಮುಗೀಲಿಲ್ಲ. ಡಬ್ಬಿ ಕಾಯುವಾಗಲೇ ಗಾಳಿಗೆ ಒಂದಿಷ್ಟು ಶಾಖ ಬಿಟ್ಟುಕೊಡುತ್ತಿರುತ್ತದೆ. ತೂತಿನ ಚೀಲದಾಗ ಜೋಳ ತುಂಬಿದಂಗ. ಎಷ್ಟು ಸೋರಿತು? ಅದನ್ನು ತಿಳಿಯಲಿಕ್ಕೆ ಮಕ್ಕಳು ಅದೇ ಡಬ್ಬಿಯನ್ನು ಹತ್ತು ನಿಮಿಷ ನೆರಳಿಗೆ ಇಟ್ಟರು. 32 ಇದ್ದದ್ದು 30ಕ್ಕೆ ಇಳಿಯಿತು. ಶುರುವಿಗೆ ನೀರು ಹೊರಗಿನ ಗಾಳಿಯಷ್ಟೇ ಇದ್ದುದರಿಂದ ಸೋರಿಕೆ ಇರಲಿಲ್ಲ. ಕಡೆಗೆ ಹತ್ತು ನಿಮಿಷಕ್ಕ ಎರಡು ಡಿಗ್ರಿಯಂತೆ ಸೋರುತ್ತಿತ್ತು. ಎರಡರ ಸರಾಸರಿ ಒಂದು ಡಿಗ್ರಿ. ಅಂದರೆ ಸೂರ್ಯ ನಿಜವಾಗಿ ಕೊಟ್ಟದ್ದು ಐದು ಡಿಗ್ರಿ, ನಮ್ಮ ಕಣ್ಣಿಗೆ ಕಂಡದ್ದು ನಾಲ್ಕು. ಐದು ಹಿಡಿದು ಲೆಕ್ಕ ಮಾಡಿದರೆ 700 ವ್ಯಾಟ್.

ಪುಸ್ತಕದಾಗ ಬೇರೆ ಇತ್ತು. ಮೋಡ ಇಲ್ಲದ ಮಧ್ಯಾಹ್ನ, ಸೂರ್ಯನಿಗೆ ಎದುರಾದ ಒಂದು ಚೌರಸ ಮೀಟರ್ ಮ್ಯಾಲೆ ಸುಮಾರು 1000 ವ್ಯಾಟ್ ಬೀಳುತ್ತದೆ ಅಂತ. ಒಬ್ಬ ಹುಡುಗ ಕೇಳಿದ, “ಅಕ್ಕೋರೇ, 1000 ಅಂತನ ಬರಿಯೂಣೇನ್ರಿ? ನೋಡಾಕ ಬಂದವರು 700 ಅಂದ್ರ ನಗತಾರ.” ಅಕ್ಕೋರು ಬಾಯಿ ಬಿಡೋ ಮೊದಲೇ ಒಬ್ಬ ಹುಡುಗಿ ಅಂದಳು, “ನಮ್ಮ ಡಬ್ಬಿ 700 ಅಂದೈತಿ. 1000 ಅಂದದ್ದು ಪುಸ್ತಕ.” ಅಕ್ಕೋರು 700 ಅಂತನ ಬರೆಸಿದರು. ಅದರ ಕೆಳಗ ಯಾಕ ಕಮ್ಮಿ ಬಂತು ಅನ್ನೋದನ್ನೂ ಬರೆಸಿದರು. ಗಾಳಿ ಒಂದೇ ಸಮ ಬೀಸುವುದಿಲ್ಲ, ತಗಡೂ ಕಾಯಲಿಕ್ಕೆ ಶಾಖ ತಿನ್ನುತ್ತದೆ, ಮಸಿ ಪೂರಾ ಹೀರುವುದಿಲ್ಲ, ಆಕಾಶದಾಗ ಧೂಳು ಇರುತ್ತದೆ.

ನನ್ನ ಮನಸ್ಸಿಗೆ ಹತ್ತಿದ್ದು ಈ ಮಾತು. ಆ ಹುಡುಗ ಕೆಟ್ಟವನಲ್ಲ. ದೊಡ್ಡವರು ಏನು ಕೇಳಲಿಕ್ಕೆ ಬಯಸುತ್ತಾರೋ ಅದನ್ನು ಹೇಳಬೇಕು ಅಂತ ಅವನಿಗೆ ನಾವೇ ಕಲಿಸೇವಿ. ಬೆಳಿ ಹಾಳಾದಾಗ ಪಂಚನಾಮೆಯೊಳಗ ಎಷ್ಟು ಬರೀಬೇಕು, ಪಂಕ್ತಿಯೊಳಗ ಎಷ್ಟು ಮಂದಿ ಉಂಡರು ಅಂತ ಹೇಳಬೇಕು, ಇವೆಲ್ಲಾ ಊರಾಗ ಮೊದಲೇ ಗೊತ್ತಾಗಿರುತ್ತವೆ. ಆಮೇಲೆ ಎಣಿಸತೇವಿ. ಎಣಿಕೆಗೆ ಮೊದಲೇ ಉತ್ತರ ಗೊತ್ತಿದ್ದರೆ ಎಣಿಸೋದ್ಯಾಕ? 700 ಅಂತ ಬರೆದ ಮಗು ಸೂರ್ಯನನ್ನು ಪೂರ್ತಿ ಅಳೆಯಲಿಲ್ಲ, ಖರೇ. ಆದರೆ ತಾನು ಕಂಡದ್ದೆಷ್ಟು, ಕಾಣದೆ ಉಳಿದದ್ದೆಷ್ಟು ಅನ್ನೋದನ್ನ ಬೇರೆ ಬೇರೆ ಮಾಡಿ ಇಟ್ಟಿತು. ಸತ್ಯ ಹೇಳೋದು ಅಂದರೆ ನಮ್ಮಂಥವರ ಕೈಲಿ ಆಗೋದು ಇಷ್ಟೇ ಅಂತ ನನಗನಿಸತೈತಿ.

ಮೊದಲು ಸೂರ್ಯನನ್ನು ಹಿಂಗ ಅಳೆದವರು ಇಂಥಾ ಡಬ್ಬಿಯವರೇ. 1837-38ರ ಸುಮಾರಿಗೆ ಫ್ರಾನ್ಸ್ ದೇಶದ ಕ್ಲೋಡ್ ಪುಯೆ ಅನ್ನುವ ವಿಜ್ಞಾನಿ ತೆಳುವಾದ ಬೆಳ್ಳಿಯ ಪಾತ್ರೆಯೊಳಗ ನೀರು ತುಂಬಿ, ಮುಖಕ್ಕ ಮಸಿ ಹಿಡಿಸಿ, ಉಷ್ಣಮಾಪಕ ಇಟ್ಟು ನೋಡಿದ. ಅದೇ ಕಾಲಕ್ಕ ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಲ್ಲಿ ಜಾನ್ ಹರ್ಷಲ್ ಅನ್ನುವ ಇಂಗ್ಲಿಷ್ ಖಗೋಳ ಪಂಡಿತನೂ ಬಿಸಿಲಿಗೆ ನೀರಿಟ್ಟು ಕಾವು ಅಳೆದ. ಪುಯೆ ಪಾತ್ರೆಯನ್ನು ಐದು ನಿಮಿಷ ನೆರಳಿಗೆ, ಐದು ನಿಮಿಷ ಬಿಸಿಲಿಗೆ, ಮತ್ತ ಐದು ನಿಮಿಷ ನೆರಳಿಗೆ ಇಡುತ್ತಿದ್ದ. ನೆರಳಿನಾಗ ಎಷ್ಟು ಇಳಿಯಿತು ಅನ್ನೋದನ್ನ ಬಿಸಿಲಿನ ಏರಿಕೆಗೆ ಕೂಡಿಸುತ್ತಿದ್ದ. ನಮ್ಮ ಗಾಳಿಯ ಹೊದಿಕೆ ದಾಟಿ ಮ್ಯಾಲೆ ಹೋದರೆ ಸೂರ್ಯನ ಬಲ ಎಷ್ಟಿರಬೇಕು ಅಂತ ಅವನು ಮಾಡಿದ ಅಂದಾಜು ಈಗಿನ ಅಳತಿಯಾಗ ಸುಮಾರು 1228 ವ್ಯಾಟ್. ಇವತ್ತು ಉಪಗ್ರಹ ಕಳಿಸಿ ಅಳೆದು ಸುಮಾರು 1361 ಅಂತ ಹೇಳತಾರೆ. ಒಂದು ಬಟ್ಟಲು ನೀರು, ಒಂದು ಗಡಿಯಾರ ಹಿಡಿದುಕೊಂಡವ ಹತ್ತರಾಗ ಒಂಬತ್ತು ಪಾಲು ಮುಟ್ಟಿದ್ದ. ಬಿಸಿಲಿನ ಲೆಕ್ಕ ನೆರಳಿಗೆ ಹೋಗದೆ ಮುಗಿಯುವುದಿಲ್ಲ ಅನ್ನೋದು ಅವನಿಗೆ ಗೊತ್ತಿತ್ತು. ಈ ಮಾತು ಮುಂದ ಬೇಕಾಗತೈತಿ, ನೆನಪಿಡ್ರಿ.

ಇನ್ನೊಂದು ಸಂಗತಿ ಕೇಳಿ ನನಗ ಬೆರಗಾಯಿತು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರೋದು ಜನವರಿಯ ಮೊದಲ ವಾರದಾಗ. ಜುಲೈ ತಿಂಗಳಿಗಿಂತ ಸುಮಾರು 50 ಲಕ್ಷ ಕಿಲೋಮೀಟರ್ ಹತ್ತಿರ. ಆದರೂ ನಮಗ ಅದು ಚಳಿಗಾಲ! ಕಾರಣ, ಆಗ ಸೂರ್ಯ ನಮಗ ಓರೆಯಾಗಿ ನಿಂತಿರುತ್ತಾನೆ. ಅಷ್ಟೇ ಬಿಸಿಲು ಹೆಚ್ಚು ನೆಲದ ಮ್ಯಾಲೆ ಹರಡಿ ತೆಳುವಾಗುತ್ತದೆ, ಹಗಲೂ ಗಿಡ್ಡ. ಮೇ ತಿಂಗಳ 8-9ರ ಸುಮಾರಿಗೆ ನಮ್ಮ ಜತ್ತ ಸೀಮಿಯೊಳಗ ಮಧ್ಯಾಹ್ನ ಸೂರ್ಯ ನೆತ್ತಿ ಮ್ಯಾಲೆ ನೆಟ್ಟಗ ಬರುತ್ತಾನೆ. ಕಂಬದ ನೆರಳು ಕಂಬದ ಬುಡದಾಗ ಅಡಗುತ್ತದೆ. ಸಂಬಂಧಿಕರೊಳಗೂ ಹಿಂಗೇ ಅಲ್ಲೇನು? ಹತ್ತಿರ ಇದ್ದಾಂವ ಓರೆಯಾಗಿ ನಿಂತರೆ ಅವನ ಕಾವು ನಮಗೆ ಮುಟ್ಟೂದಿಲ್ಲ.

ಈಗ ಹಿರಿಯರ ಸವಾಲಿಗೆ ಬರೋಣ. ಅವರು ಹೇಳೋದರಾಗ ಅರ್ಥ ಐತಿ. ರೈತನಿಗೆ ಬಿಸಿಲು ತಿಳಿಯಲಿಕ್ಕೆ ಡಬ್ಬಿ ಬೇಡ. ಹೆಂಟಿ ಕೈಯಾಗ ಹಿಡಿದರೆ, ಎತ್ತಿನ ಉಸಿರು ಕೇಳಿದರೆ ಗೊತ್ತಾಗತೈತಿ. ನನಗಂತೂ ದಪ್ಪಿನ ಚರ್ಮವೇ ಹೇಳತೈತಿ. ತಂಪು ಹವಾದಾಗ ಅದು ಜೋತು ಬಿದ್ದು ಮಂಕಾಗಿ ನುಡೀತದ. ಬಿಸಿಲಿಗೆ ಒಂದಿಷ್ಟು ಹೊತ್ತು ಇಟ್ಟರೆ ಬಿಗಿದು ಟಣ್ ಅಂತದ. ಎಷ್ಟು ಕಾದರೆ ಸಾಕು ಅನ್ನೋದು ನನ್ನ ಬೆರಳಿಗೆ ಗೊತ್ತು. ನಲವತ್ತು ವರ್ಷದ ಹಾಡಿಕಿಯೊಳಗ ಬಂದ ತಿಳಿವಳಿಕಿ ಅದು.

ಆದರೆ ಈ ತಿಳಿವಳಿಕಿಗೂ ಡಬ್ಬಿಯ 700ಕ್ಕೂ ಒಂದು ಫರಕು ಐತಿ. ನನ್ನ ಬೆರಳಿನ ತಿಳಿವಳಿಕಿ ನನ್ನ ಸಂಗಾಟನೇ ಮಣ್ಣಿಗೆ ಹೋಗತೈತಿ. ನಾ ಹೇಳಿದ್ದು ಸುಳ್ಳು ಅಂತ ಯಾರೂ ತೋರಿಸಿಕೊಡಲಿಕ್ಕೆ ಆಗೂದಿಲ್ಲ, ಖರೇ ಅಂತಲೂ ಆಗೂದಿಲ್ಲ. ಹಿರಿಯ ಅಂತ ನಂಬಬೇಕು, ಇಲ್ಲಾ ಬಿಡಬೇಕು. ಮಕ್ಕಳ 700 ಹಂಗಲ್ಲ. ನೀರೆಷ್ಟು, ಹೊತ್ತೆಷ್ಟು, ಡಿಗ್ರಿ ಎಷ್ಟು ಅಂತ ಬರೆದಿಟ್ಟಾರೆ. ಮಗ್ಗಲ ಊರಿನ ಕೂಸು, ಗುರುತಿಲ್ಲದ ಕೂಸು, ನಾಳೆ ಅದನ್ನೇ ಮಾಡಿ ನೋಡಿ “ನಿಮ್ಮದು ತಪ್ಪೈತಿ” ಅನ್ನಬಹುದು. ತನ್ನ ತಪ್ಪನ್ನು ಮತ್ತೊಬ್ಬರು ಹಿಡಿಯಲಿ ಅಂತ ಬಾಗಿಲು ತೆರೆದಿಡೋದು ಸಣ್ಣ ಮಾತಲ್ಲ. ಅಧಿಕಾರ ಇದ್ದವರು, ವಯಸ್ಸಾದವರು ಇದನ್ನು ಮಾಡೋದು ಕಮ್ಮಿ. ಬೆರಳಿನ ತಿಳಿವಳಿಕಿ ಬ್ಯಾಡ ಅಂತ ನಾ ಹೇಳೂದಿಲ್ಲ, ಅದಿಲ್ಲದೆ ದಪ್ಪು ನುಡಿಯೂದಿಲ್ಲ. ಆದರೆ ಜಗಳ ಬಂದಾಗ, ಪಾಲು ಹಂಚುವಾಗ, ಇಬ್ಬರಿಗೂ ಒಪ್ಪುವಂಥಾ ಅಳತಿ ಬೇಕಾಗತೈತಿ.

ಪುಕ್ಕಟೆ ಬಂದದ್ದನ್ನು ಅಳೆದರೆ ಕೃತಜ್ಞತೆ ಹೋಗತೈತಿ ಅಂತಾರಲ್ಲ, ಅದಕ್ಕ ನಮ್ಮ ಕಣವೇ ಜವಾಬು ಹೇಳತೈತಿ. ಜೋಳದ ರಾಶಿಯೂ ಮಳೆ, ಬಿಸಿಲು, ಭೂಮಿತಾಯಿ ಕೊಟ್ಟದ್ದೇ. ಅದನ್ನು ನಾವು ಅಳೆಯದೆ ಬಿಟ್ಟೇವೇನು? ಪೂಜೆ ಮಾಡಿ, ಕಾಯಿ ಒಡೆದು, ಆಮೇಲೆ ಅಳೆಯಲಿಕ್ಕೆ ಕೂಡತೇವಿ. ಮೊದಲನೇ ಅಳತಿಗೆ ‘ಒಂದು’ ಅನ್ನೂದಿಲ್ಲ, ‘ಲಾಭ’ ಅಂತೇವಿ. ಎರಡನೆಯದರಿಂದ ಎಣಿಕೆ. ಕೈ ಮುಗಿಯೋದೂ ಅಳೆಯೋದೂ ಒಂದೇ ಕಣದಾಗ ನಡೀತಾವ. ಮತ್ತ ಅಳೆಯೋದು ಯಾಕ? ಗೂಡಿಗೆ ಹಾಕಲಿಕ್ಕೆ ಮಾತ್ರ ಅಲ್ಲ. ಬಡಿಗ, ಕಂಬಾರ, ಕುಂಬಾರ, ಹೀಂಗ ಆಯಗಾರರ ಪಾಲು ಅದರೊಳಗ ಇರುತ್ತಿತ್ತು. ಅಳೆಯದ ರಾಶಿಯೊಳಗ ಬಲ ಇದ್ದವನ ಮೊರ ದೊಡ್ಡದಾಗತೈತಿ, ಬಡವನ ಪಾಲು ಬುಡದ ಮಣ್ಣಿನಾಗ ಹೋಗತೈತಿ.

ಇನ್ನು ಬಿಸಿಲನ್ನು ಅಳೀಬಾರದು ಅನ್ನೋ ಕಾಲ ದಾಟಿ ಹೋಗೇತಿ. ಸೋಲಾರ್ ಪಂಪು ಬಂದಾವ. ಒಳ್ಳೆ ತಟ್ಟಿ ಇದ್ದರೆ ಬಿದ್ದ ಬಿಸಿಲಿನ ಐದನೇ ಒಂದು ಪಾಲು ಕರೆಂಟ್ ಆಗತೈತಿ, ಅಂದರೆ ಉರಿಬಿಸಿಲಿನಾಗ ಚೌರಸ ಮೀಟರಿಗೆ ಸುಮಾರು 200 ವ್ಯಾಟ್. ಬರಡು ನೆಲ ಲೀಜಿಗೆ ಕೇಳಿಕೊಂಡು ಮಂದಿ ಬರತಾರೆ. ಅವರು ಬರೋ ಮೊದಲೇ ನಮ್ಮ ಬಿಸಿಲನ್ನು ಅಳೆದುಕೊಂಡು ಬಂದಿರತಾರೆ. ಕೊಡುವವ ಅಳೆದಿಲ್ಲ, ಕೊಳ್ಳುವವ ಅಳೆದಾನ. ಅಂಥಾ ವ್ಯಾಪಾರದಾಗ ಯಾರು ಗೆಲ್ಲತಾರೆ ಅನ್ನೋದನ್ನ ಸಂತಿಗೆ ಹೋದವರಿಗೆ ನಾ ಹೇಳಬೇಕಾಗಿಲ್ಲ. ಇದರ ಸಲುವಾಗಿಯಾದರೂ ನಮ್ಮ ಮಕ್ಕಳು ಡಬ್ಬಿ ಹಿಡಿದದ್ದು ಒಳ್ಳೇದಾತು.

ಆದರೆ ನನ್ನ ಮನಸ್ಸು ತಟ್ಟಿಗಳ ಮ್ಯಾಲೆ ನಿಲ್ಲಲಿಲ್ಲ. ಅದು ಬೆನ್ನಿನ ಕಡೆ ಹೋಯಿತು. ಹೊಲದಾಗ ಬಾಗಿ ಕಳೆ ತೆಗೆಯುವ ಹೆಣ್ಣುಮಗಳ ಬೆನ್ನು, ಭುಜ, ತಲಿ ಸೇರಿ ಒಂದು ಚೌರಸ ಮೀಟರಿನ ಮೂರನೇ ಒಂದು ಪಾಲು ಅಂತ ಹಿಡೀರಿ. ಬ್ಯಾಸಿಗಿ ಮಧ್ಯಾಹ್ನ 1000 ವ್ಯಾಟಿನ ಲೆಕ್ಕದಾಗ 300ಕ್ಕಿಂತ ಮ್ಯಾಲೆ ಬೀಳತೈತಿ. ಸೀರಿ, ಸೆರಗು ಒಂದಿಷ್ಟು ತಿರುಗಿಸಿ ಕಳಿಸಿದರೂ ಹಳೇ ಕಾಲದ 100 ವ್ಯಾಟಿನ ಬಲ್ಬು ಎರಡು ಮೂರು ಬೆನ್ನಿಗೆ ಹಚ್ಚಿ ನಿಲ್ಲಿಸಿದಂಗ. ಮೈ ಆ ಕಾವನ್ನು ಬೆವರಿನಿಂದ ಹೊರಗ ಹಾಕಬೇಕು. ಒಂದು ಲೀಟರ್ ಬೆವರು ಆರಿದರೆ ಸುಮಾರು 24 ಲಕ್ಷ ಜೂಲ್ ಹೋಗತೈತಿ. 300 ವ್ಯಾಟ್ ಒಂದು ತಾಸು ಬಿದ್ದರೆ 10 ಲಕ್ಷ 80 ಸಾವಿರ ಜೂಲ್. ಅಂದರೆ ಬಿಸಿಲಿನ ಸಾಲ ತೀರಿಸಲಿಕ್ಕೇ ತಾಸಿಗೆ ಅರ್ಧ ಲೀಟರಿನ ಹತ್ತಿರ ಬೆವರು. ದುಡಿಮೆಯಿಂದ ಮೈಯೊಳಗ ಹುಟ್ಟುವ ಕಾವು ಬೇರೆ. ಇದು ಅಂದಾಜು, ಹೆಚ್ಚು ಕಮ್ಮಿ ಇರಬಹುದು. ಲೆಕ್ಕ ಬಲ್ಲ ಮಕ್ಕಳು ತಿದ್ದಲಿ.

ಈ ಬೆವರು ಯಾವ ಮಸ್ಟರಿನಾಗ ಬರೀತಾರೆ? ದಿನದ ಪಗಾರ ಬರೀತಾರೆ, ತಾಸು ಬರೀತಾರೆ, ಎಷ್ಟು ಸಾಲು ಮುಗೀತು ಅಂತ ಬರೀತಾರೆ. ಬಿಸಿಲು ಬರೆಯೂದಿಲ್ಲ. ಬೆಳಿಗ್ಗೆ ಏಳರ ತಾಸಿಗೂ ಮಧ್ಯಾಹ್ನ ಒಂದರ ತಾಸಿಗೂ ಪುಸ್ತಕದಾಗ ಒಂದೇ ಬೆಲಿ. ಮೈಯಾಗ ಒಂದೇ ಬೆಲಿ ಇಲ್ಲ. “ಅಷ್ಟೇನ ಬಿಸಲಿಲ್ಲ ಬಿಡ, ನಡೀಲಿ” ಅನ್ನುವವ ಬೇವಿನ ಗಿಡದ ಬುಡಕ ಕುಂತಿರತಾನೆ.

ನಮ್ಮ ಸೀಮಿಯೊಳಗ ದ್ರಾಕ್ಷಿ ಒಣಗಿಸಿ ಬೇದಾಣಿ ಮಾಡತಾರೆ. ಫೆಬ್ರವರಿಯಿಂದ ಏಪ್ರಿಲ್ ತನಕ ಎಲ್ಲಿ ನೋಡಿದರೂ ಅದರ ಶೆಡ್ಡು. ಆ ದ್ರಾಕ್ಷಿಯನ್ನು ಔಷಧದ ನೀರಿನಾಗ ಅದ್ದಿ ಜಾಳಿಗಿಯ ಮ್ಯಾಲೆ ಹರವುತ್ತಾರೆ. ನೇರ ಬಿಸಿಲು ಬಿದ್ದರೆ ಬಣ್ಣ ಕಪ್ಪಾಗತೈತಿ, ರೇಟು ಬೀಳತೈತಿ. ಅದಕ್ಕ ಮ್ಯಾಲೆ ಹೊದಿಕಿ, ಮಗ್ಗಲಿಗೆ ಹಸಿರು ಜಾಳಿಗಿ, ಗಾಳಿ ಮಾತ್ರ ಆಡಬೇಕು. ಎಷ್ಟು ನೆರಳು ಬೇಕು, ಎಷ್ಟು ಗಾಳಿ ಬೇಕು ಅನ್ನೋದು ಎಲ್ಲರಿಗೂ ಬಾಯಿಪಾಠ. ಇದು ತಪ್ಪಲ್ಲ, ಕಷ್ಟಪಟ್ಟು ಬೆಳೆದ ಮಾಲು. ಆದರೆ ಅದೇ ಶೆಡ್ಡಿನ ಹೊರಗ ದ್ರಾಕ್ಷಿ ಕಡಿದು, ಬುಟ್ಟಿ ಹೊತ್ತು ತರುವವರಿಗೆ ಕುಂತು ರೊಟ್ಟಿ ತಿನ್ನಲಿಕ್ಕೆ ಒಂದು ಚಪ್ಪರ ಇರತೈತೇನು? ಕೆಲವರು ಮಾಡತಾರೆ, ಅವರಿಗೆ ಪುಣ್ಯ ಬರಲಿ. ಬಹಳ ಕಡೆ ಇರೂದಿಲ್ಲ. ಹಣ್ಣಿನ ಬಣ್ಣ ಕೆಡಬಾರದು ಅಂತ ನೆರಳು ಕಟ್ಟಬಲ್ಲ ಕೈಗೆ ಮನುಷ್ಯರಿಗೆ ನೆರಳು ಕಟ್ಟೋದು ದೊಡ್ಡ ಕೆಲಸ ಅಲ್ಲ.

“ಮಳಿ ಇಲ್ಲ, ರೇಟಿಲ್ಲ, ಸಾಲ ಕುತ್ತಿಗಿಗೆ ಬಂದೈತಿ. ಇದನ್ನೂ ನಾವೇ ಹೊರಬೇಕೇನು?” ಅಂತ ರೈತ ಬಂಧುಗಳು ಕೇಳಬಹುದು. ನಾನೂ ತೊಗರಿ ಕೊಯ್ಯಲಿಕ್ಕೆ ಆಳು ಕರೆಯುವವನೇ, ಆ ಸಂಕಟ ಗೊತ್ತೈತಿ. ಖರ್ಚಿಲ್ಲ ಅಂತ ನಾ ಹೇಳೂದಿಲ್ಲ. ಆದರೆ ಎಲ್ಲಾ ಖರ್ಚೂ ರೊಕ್ಕದ್ದಲ್ಲ. ಬ್ಯಾಸಿಗಿಯೊಳಗ ಬೆಳಿಗ್ಗೆ ಆರಕ್ಕ ಶುರು ಮಾಡಿ ಹನ್ನೊಂದಕ್ಕ ನಿಲ್ಲಿಸಿ, ಮತ್ತ ನಾಲ್ಕಕ್ಕ ಕೂಡಿದರೆ ತಾಸು ಕಮ್ಮಿ ಆಗೂದಿಲ್ಲ. ಒಂದು ಹಳೇ ತಾಡಪತ್ರಿ, ನಾಲ್ಕು ಗೂಟ, ಒಂದು ಮಣ್ಣಿನ ಕೊಡ ನೀರು. ಮನಿ ದೂರ ಇದ್ದವರಿಗೆ ನಡುವಿನ ತಾಸು ಕಳೆಯೋದು ಕಷ್ಟ, ಅದನ್ನು ಅವರನ್ನೇ ಕೇಳಿ ಗೊತ್ತು ಮಾಡಬೇಕು. ಇಷ್ಟು ಮಾಡಿದ ಮ್ಯಾಲೂ ಖರ್ಚು ಉಳಿದರೆ ಅದು ಆಯದ ಪಾಲು ಅಂತ ತಿಳಿಯೋಣ. ಮೊದಲೇ ಅವರದಾಗಿದ್ದುದನ್ನು ಅಳೆದು ಕೊಟ್ಟಂಗ.

ಸೂರ್ಯ ಪಕ್ಷಪಾತ ಮಾಡೂದಿಲ್ಲ ಅಂತ ನಾವು ಹಾಡುಗಾರರು ಹಾಡತೇವಿ. ಧಣಿಯ ಹೊಲಕ್ಕೂ ಆಳಿನ ಅಂಗಳಕ್ಕೂ ಚೌರಸ ಮೀಟರಿಗೆ ಅಷ್ಟೇ ವ್ಯಾಟು, ಮಕ್ಕಳ ಡಬ್ಬಿಯೂ ಅದನ್ನೇ ಹೇಳಬಹುದು. ಆದರೆ ನೆರಳು ಸೂರ್ಯ ಕೊಡೂದಿಲ್ಲ. ನೆರಳನ್ನು ಗಿಡ ನೆಟ್ಟವರು, ಮಾಡು ಕಟ್ಟಿದವರು, ಜಾಗ ಬಿಟ್ಟುಕೊಟ್ಟವರು ಕೊಡತಾರೆ. ಬಿಸಿಲು ಸಮ ಇದ್ದ ಮ್ಯಾಲೆ ಭೇದ ಎಲ್ಲಿ ಬಂತು ಅಂತ ಹುಡುಕಿದರೆ ಅದು ನೆರಳಿನಾಗ ಸಿಗತೈತಿ, ಅಂದರೆ ನಮ್ಮ ಕೈಯಾಗ. ಅಳೆಯೋ ಮೊದಲು ‘ಗೊತ್ತಿರಲಿಲ್ಲ’ ಅನ್ನಬಹುದಿತ್ತು. ಅಳೆದ ಮ್ಯಾಲೆ ಹಂಗ ಅನ್ನಲಿಕ್ಕೆ ಬರೂದಿಲ್ಲ. ಅಳತಿಯ ಕಷ್ಟ ಅದು, ಅದರ ಉಪಕಾರವೂ ಅದೇ.

ಹಿರಿಯರಿಗೆ ನನ್ನ ಜವಾಬು ಇಷ್ಟು. ಬಿಸಿಲನ್ನು ಅಳೆಯಬಹುದು, ಕೈ ಮುಗಿದೇ ಅಳೆಯಬಹುದು. ಮಕ್ಕಳಿಗೆ ನನ್ನದೊಂದು ಬೇಡಿಕಿ. ಮುಂದಿನ ಏಪ್ರಿಲ್ ತಿಂಗಳಾಗ ನಮ್ಮೂರ ಹೊಲಗಳಿಗೆ ಹೋಗಿ, ಆಳುಗಳು ಊಟಕ್ಕ ಕುಂದರುವ ಹೊತ್ತಿಗೆ ಎಷ್ಟು ಮಂದಿಗೆ ನೆರಳೈತಿ, ಎಷ್ಟು ಮಂದಿಗಿಲ್ಲ ಅಂತ ಎಣಿಸಿ, ಕಂಡದ್ದನ್ನು ಕಂಡಂಗ ಬರೆದು ಈ ವಾಚನಾಲಯದ ಗೋಡಿಗೆ ಹಚ್ಚರಿ. ನನ್ನ ಹೊಲದಿಂದ ಶುರು ಮಾಡರಿ.